ಓದುಗರ ಪ್ರಶ್ನೆ: ಫ್ರಾನ್ಸಿನ ಅಗ್ಗದ ಹೋಟೆಲುಗಳಲ್ಲಿ ಊಟ

ಈ ಸಲ ಆರಿಸಿಕೊಂಡಿರುವ ಪ್ರಶ್ನೆಗಳೆಲ್ಲ ಫ್ರಾನ್ಸಿನ ಊಟದವು. ಕೆಲವು ಪ್ರವಾಸಕ್ಕೆ ಹೊರಟವರಿಂದ ಬಂದಿವೆ, ಕೆಲವು ಅಲ್ಲೇ ಓದುತ್ತಿರುವವರಿಂದ. ದುಬಾರಿ ರೆಸ್ಟೋರೆಂಟುಗಳ ಸುದ್ದಿಗೆ ನಾವು ಹೋಗಿಲ್ಲ.

ಪ್ರಶ್ನೆ: ಬಿಸ್ಟ್ರೋ, ಬ್ರಾಸರಿ, ಬೂಯೋಂ, ಬೂಶೋಂ ಎಂದು ಬೇರೆ ಬೇರೆ ಬೋರ್ಡು ಕಾಣುತ್ತವೆ. ನಾಲ್ಕು ಜನರ ಕುಟುಂಬಕ್ಕೆ ಜೇಬಿಗೆ ಹೊರೆಯಾಗದ್ದು ಯಾವುದು? (ಓದುಗರು, ಮೈಸೂರು)

ಅಗ್ಗವೊಂದೇ ಮುಖ್ಯವಾದರೆ ಪ್ಯಾರಿಸ್ಸಿನಲ್ಲಿ ಬೂಯೋಂಗೆ ಹೋಗಿ. ಇದರ ಮೂಲ 1855. ದುವಾಲ್ ಎಂಬ ಮಾಂಸದ ವ್ಯಾಪಾರಿ ಲೆ ಆಲ್ ಮಾರುಕಟ್ಟೆಯ ಕಡೆ ಕೂಲಿಕಾರರಿಗೆ ಬಿಸಿ ಸಾರು, ಬೇಯಿಸಿದ ಮಾಂಸ ಕೊಡಲು ಶುರುಮಾಡಿದ. ದೊಡ್ಡ ಹಾಲ್, ಒತ್ತಾಗಿ ಹಾಕಿದ ಮೇಜು, ದಿನವೂ ಬದಲಾಗದ ತಿನಿಸು, ಬೇಗ ಬೇಗ ಏಳುವ ಗಿರಾಕಿ: ಬೆಲೆ ಕಡಿಮೆಯಾಗುವುದು ಈ ಲೆಕ್ಕದಲ್ಲಿ. 1896ರಲ್ಲಿ ಫೋಬೂರ್ ಮಾಂಮಾರ್ತ್ರ್ ಬೀದಿಯಲ್ಲಿ ತೆರೆದ ಬೂಯೋಂ ಶಾರ್ತಿಯೇ ಇವತ್ತಿಗೂ ಅದೇ ಕಟ್ಟಡದಲ್ಲಿದೆ. ಸಪ್ಲೈಯರ್ ಆರ್ಡರನ್ನೂ ಲೆಕ್ಕವನ್ನೂ ಮೇಜಿನ ಮೇಲಿನ ಕಾಗದದ ಹಾಸಿನ ಮೇಲೇ ಗೀಚುತ್ತಾನೆ. ಮುಂಗಡ ಬುಕ್ಕಿಂಗ್ ಇಲ್ಲ, ಸಾಲಿನಲ್ಲಿ ನಿಲ್ಲಬೇಕು. ಬೆಳಿಗ್ಗೆ ಹನ್ನೊಂದೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಅಥವಾ ಮಧ್ಯಾಹ್ನ ಮೂರರ ನಂತರ ಹೋದರೆ ಸಾಲು ಚಿಕ್ಕದಿರುತ್ತದೆ. ಮೇಜು ಖಾಲಿಯಿಲ್ಲದಿದ್ದರೆ ಅಪರಿಚಿತರ ಪಕ್ಕ ಕೂರಿಸುತ್ತಾರೆ, ಮುಜುಗರ ಬೇಡ. 2017ರಲ್ಲಿ ಪಿಗಾಲ್‌ನಲ್ಲಿ, 2021ರಲ್ಲಿ ರೆಪ್ಯೂಬ್ಲಿಕ್‌ನಲ್ಲಿ ಹೊಸ ತಲೆಮಾರಿನ ಬೂಯೋಂಗಳು ಬಂದವು. ಇಂಥಲ್ಲಿ ಮದ್ಯ ಬಿಟ್ಟು ಮೂರು ಬಗೆ ಉಂಡರೆ ಒಬ್ಬರಿಗೆ ಸುಮಾರು 20 ಯೂರೋ ಇಟ್ಟುಕೊಳ್ಳಿ.

ಬಿಸ್ಟ್ರೋ ಚಿಕ್ಕದು. ಅಡುಗೆಗೆ ಒಬ್ಬರೋ ಇಬ್ಬರೋ, ಬಡಿಸಲು ಒಬ್ಬರು, ಗೋಡೆಯ ಮೇಲೆ ಕರಿಹಲಗೆ. ಮಧ್ಯಾಹ್ನದ ‘ಫಾರ್ಮ್ಯೂಲ್’ ತೆಗೆದುಕೊಂಡರೆ ಇಲ್ಲಿಯೂ ಅಗ್ಗವೇ. ಮೊದಲ ತಿನಿಸು ಮತ್ತು ಮುಖ್ಯ ತಿನಿಸು, ಇಲ್ಲವೇ ಮುಖ್ಯ ತಿನಿಸು ಮತ್ತು ಸಿಹಿ, ಎರಡಕ್ಕೂ ಸೇರಿ ಒಂದು ಬೆಲೆ. ಹೆಚ್ಚಿನ ಊರುಗಳಲ್ಲಿ ಅದು 16ರಿಂದ 25 ಯೂರೋ ನಡುವೆ ಇರುತ್ತದೆ. ಅದೇ ಬಿಸ್ಟ್ರೋದಲ್ಲಿ ರಾತ್ರಿ ಬಿಡಿಬಿಡಿಯಾಗಿ ಆರ್ಡರ್ ಮಾಡಿದರೆ ಬಿಲ್ಲು ಎಷ್ಟೋ ಸಲ ಇಮ್ಮಡಿಯಾಗುತ್ತದೆ. ‘ಪ್ಲಾ ದು ಜೂರ್’ ಎಂದರೆ ಆ ದಿನದ ವಿಶೇಷ. ಬೆಳಿಗ್ಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟದ್ದು, ಹಾಗಾಗಿ ಬೇಗ ಬರುತ್ತದೆ, ತಾಜಾ ಇರುತ್ತದೆ. ಏನು ತಗೊಳ್ಳಲಿ ಎಂದು ಗೊತ್ತಾಗದಿದ್ದರೆ ಅದನ್ನೇ ಹೇಳಿ.

ಬ್ರಾಸರಿ ದೊಡ್ಡದು, ಇಡೀ ದಿನ ತೆರೆದಿರುತ್ತದೆ, ಬೆಲೆ ಒಂದು ಮೆಟ್ಟಿಲು ಮೇಲೆ. ಬೂಶೋಂ ಲಿಯೋಂ ನಗರದ್ದು, ಅದರ ಮಾತು ಕೆಳಗೆ ಬರುತ್ತದೆ.

ಪ್ರಶ್ನೆ: ಮಧ್ಯಾಹ್ನ ಎರಡೂವರೆಗೆ ಹೋದರೆ ‘ಅಡುಗೆಮನೆ ಮುಚ್ಚಿದೆ’ ಎಂದರು, ಸಂಜೆ ಆರಕ್ಕೆ ಹೋದರೂ ಅದೇ ಉತ್ತರ. ಬಾಗಿಲು ತೆರೆದಿತ್ತು, ಜನ ಕುಳಿತಿದ್ದರು. ನಮ್ಮನ್ನು ನೋಡಿ ಹಾಗೆಂದರೇ? (ಓದುಗರು, ಧಾರವಾಡ)

ಇಲ್ಲ. ಕುಳಿತವರು ಕಾಫಿ, ವೈನ್ ಕುಡಿಯುತ್ತಿದ್ದಿರಬೇಕು. ಬಿಸ್ಟ್ರೋದಲ್ಲಿ ಬಿಸಿ ಊಟ ಹನ್ನೆರಡರಿಂದ ಎರಡು, ಮತ್ತೆ ರಾತ್ರಿ ಏಳರಿಂದ ಹತ್ತು. ಒಂದು ಮುಕ್ಕಾಲಿನ ಮೇಲೆ ಒಳಗೆ ಹೋದರೆ ಆರ್ಡರ್ ತೆಗೆದುಕೊಳ್ಳುವ ಖಾತ್ರಿಯಿಲ್ಲ. ಅಡುಗೆಯವರು ಒಬ್ಬರೇ ಇದ್ದಾಗ ನಡುವಿನ ಹೊತ್ತು ಪಾತ್ರೆ ತೊಳೆಯಲು, ರಾತ್ರಿಯ ತಯಾರಿಗೆ, ವಿಶ್ರಾಂತಿಗೆ ಬೇಕು. ಹೊತ್ತು ಮೀರಿದ್ದರೆ ಬೋರ್ಡಿನಲ್ಲಿ ‘ಸರ್ವೀಸ್ ಕಾಂತಿನ್ಯೂ’ ಎಂದು ಬರೆದಿರುವ ಬ್ರಾಸರಿ ಹುಡುಕಿ, ಅಲ್ಲಿ ನಿಲ್ಲಿಸದೆ ಬಡಿಸುತ್ತಾರೆ. ಬೂಯೋಂಗಳೂ ಸಾಮಾನ್ಯವಾಗಿ ಹಾಗೆಯೇ. ಭಾನುವಾರ ರಾತ್ರಿ ಮತ್ತು ಸೋಮವಾರ ಬಹಳಷ್ಟು ಬಿಸ್ಟ್ರೋಗಳಿಗೆ ರಜೆ. ಆಗಸ್ಟ್‌ನಲ್ಲಿ ಕೆಲವು ಎರಡು ಮೂರು ವಾರ ಪೂರ್ತಿ ಬಾಗಿಲು ಹಾಕುತ್ತವೆ.

ಇನ್ನೊಂದು ಮಾತು. ಒಳಗೆ ಕಾಲಿಟ್ಟ ಕೂಡಲೇ ಮೊದಲು ‘ಬೋಂಜೂರ್’ (ಸಂಜೆಯಾದರೆ ‘ಬೋಂಸ್ವಾರ್’), ಆಮೇಲೆ ಎಷ್ಟು ಜನ ಎಂದು ಬೆರಳಿನಲ್ಲಿ ತೋರಿಸಿ. ಖಾಲಿ ಮೇಜು ಕಂಡಿತೆಂದು ನೇರ ಹೋಗಿ ಕುಳಿತರೆ, ಅದು ಬುಕ್ ಆಗಿರಬಹುದು. ನಮಸ್ಕಾರ ಹೇಳದೆ ಪ್ರಶ್ನೆ ಕೇಳುವವರಿಗೆ ಅಲ್ಲಿ ಸಿಡುಕಿನ ಉತ್ತರವೇ ಸಿಗುವುದು.

ಪ್ರಶ್ನೆ: ನೀರು ಕೇಳಿದೆವು, ಬಿಲ್ಲಿನಲ್ಲಿ ಬಾಟಲಿಗೆ 6 ಯೂರೋ ಹಾಕಿದ್ದರು. ಹೊರಡುವಾಗ ‘ಸರ್ವೀಸ್ ಸೇರಿಲ್ಲ’ ಎಂದರು. ಟಿಪ್ಸ್ ಎಷ್ಟು ಕೊಡಬೇಕು? (ಓದುಗರು, ದಾವಣಗೆರೆ)

‘ವಾಟರ್’ ಎಂದರೆ ಬಾಟಲಿ ಬರುತ್ತದೆ. ‘ಯೂನ್ ಕರಾಫ್ ದೋ’ ಎಂದು ಕೇಳಿ, ನಲ್ಲಿಯ ನೀರನ್ನು ಗಾಜಿನ ಹೂಜಿಯಲ್ಲಿ ತಂದಿಡುತ್ತಾರೆ. ಅದು ಉಚಿತ. ಊಟ ಮಾಡುವವರಿಗೆ ನೀರು, ಬ್ರೆಡ್, ಉಪ್ಪು-ಮೆಣಸು, ಕರವಸ್ತ್ರ ಎಲ್ಲವೂ ಊಟದ ಬೆಲೆಯಲ್ಲೇ ಸೇರಿರಬೇಕು ಎಂಬುದು 1967ರ ಸರ್ಕಾರಿ ಆದೇಶ. ಉಚಿತ ನೀರು ಸಿಗುತ್ತದೆಂದು ಮೆನುವಿನಲ್ಲೋ ಫಲಕದಲ್ಲೋ ಕಾಣುವಂತೆ ಬರೆಯಬೇಕೆಂಬ ನಿಯಮ 2022ರ ಜನವರಿಯಿಂದ ಇದೆ. ಬ್ರೆಡ್ ಮುಗಿದರೆ ಮತ್ತೆ ಕೇಳಬಹುದು, ಹೆಚ್ಚಿನ ದುಡ್ಡಿಲ್ಲ. ಜೊತೆಗೆ ಬೆಣ್ಣೆ ಬರುವುದಿಲ್ಲ. ಬ್ರೆಡ್ಡಿಗೆ ಬೇರೆ ತಟ್ಟೆಯೂ ಇರುವುದಿಲ್ಲ, ಮೇಜಿನ ಮೇಲೇ ಇಟ್ಟುಕೊಳ್ಳುವುದು ಅಲ್ಲಿಯ ರೂಢಿ.

ಟಿಪ್ಸ್ ವಿಷಯ ನೇರವಾಗಿದೆ. ಮೆನುವಿನಲ್ಲಿ ಕಾಣುವ ಬೆಲೆಯೊಳಗೆ ತೆರಿಗೆಯೂ ಸರ್ವೀಸೂ ಸೇರಿರಲೇಬೇಕೆಂದು 1987ರಿಂದ ಕಾನೂನಿದೆ. ‘ಸರ್ವೀಸ್ ಸೇರಿಲ್ಲ’ ಎಂದು ನಿಮಗೆ ಹೇಳಿದ್ದು ತಪ್ಪು, ಅಷ್ಟೆ. ಬಿಲ್ಲಿನ ಕೆಳಗೆ ತೆರಿಗೆಯ ಸಾಲು ಕಾಣುತ್ತದೆ (ಊಟಕ್ಕೆ ನೂರಕ್ಕೆ 10, ಮದ್ಯಕ್ಕೆ 20), ಆದರೆ ಅದು ಒಟ್ಟು ಮೊತ್ತದೊಳಗಿನದು, ಮೇಲೆ ಕೂಡಿಸುವುದಲ್ಲ. ಊಟ ಹಿಡಿಸಿತೆಂದರೆ ಒಂದೆರಡು ಯೂರೋ ಚಿಲ್ಲರೆ ಇಟ್ಟು ಬನ್ನಿ, ಇಡದಿದ್ದರೂ ಯಾರೂ ಬೇಸರಪಡುವುದಿಲ್ಲ. ಈಗ ಕಾರ್ಡ್ ಯಂತ್ರದಲ್ಲಿ 5, 10, 15 ಪರ್ಸೆಂಟ್ ಎಂದು ಕೇಳುವ ಚಾಳಿ ಪ್ರವಾಸಿಗರ ಬೀದಿಗಳಲ್ಲಿ ಶುರುವಾಗಿದೆ. ‘ಸಾಂ ಪೂರ್ಬ್ವಾರ್’ (ಟಿಪ್ಸ್ ಇಲ್ಲ) ಎಂಬ ಗುಂಡಿ ಒತ್ತಿ ಮುಂದೆ ಹೋಗಬಹುದು. ಬಿಲ್ಲು ತಾನಾಗಿ ಬರುವುದಿಲ್ಲ. ಕೇಳದೆ ತಂದಿಟ್ಟರೆ ಎದ್ದು ಹೋಗಿ ಎಂದಂತೆ. ‘ಲಾದಿಸ್ಯೋಂ, ಸಿಲ್ ವೂ ಪ್ಲೇ’ ಎನ್ನಿ.

ಪ್ರಶ್ನೆ: ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹತ್ತು ದಿನ ಪಿಜ್ಜಾ ತಿನ್ನಿಸುವುದು ನನಗಿಷ್ಟವಿಲ್ಲ. ಫ್ರೆಂಚ್ ಹೋಟೆಲಿನಲ್ಲಿ ಅವರಿಗೆ ಏನಾದರೂ ಸಿಗುತ್ತದೆಯೇ? (ಓದುಗರು, ಉಡುಪಿ)

ಸಿಗುತ್ತದೆ. ಆದರೆ ‘ವೆಜಿಟೇರಿಯನ್’ ಎಂಬ ಒಂದು ಮಾತನ್ನು ನಂಬಿ ಕೂರಬೇಡಿ. ಕೆಲವರ ಲೆಕ್ಕದಲ್ಲಿ ಮೀನು ಅದರಲ್ಲಿ ಸೇರುತ್ತದೆ, ಸಾರಿಗೆ ಹಾಕಿದ ಮೂಳೆಯ ರಸ ಮಾಂಸವೆಂದೇ ಅನ್ನಿಸುವುದಿಲ್ಲ, ಹಂದಿಮಾಂಸದ ಸಣ್ಣ ಚೂರುಗಳಾದ ‘ಲಾರ್ದೋಂ’ ಬರೀ ರುಚಿಗೆ. ‘ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’ (ಮಾಂಸ, ಮೀನು, ಲಾರ್ದೋಂ ಇಲ್ಲದ್ದು) ಎಂದು ಬಿಡಿಸಿ ಹೇಳಿ. ಮೊಟ್ಟೆಯ ಫ್ರೆಂಚ್ ಉಚ್ಚಾರ ನಾಲಿಗೆಗೆ ಸುಲಭವಲ್ಲ, ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸುವುದೇ ವಾಸಿ.

ಒಂದು ಉಪಾಯವಿದೆ. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂಬ ಪಟ್ಟಿಯನ್ನು ಪ್ರತಿ ಹೋಟೆಲೂ ಬರಹದಲ್ಲಿ ಇಟ್ಟಿರಬೇಕು. ಕೇಳಿದರೆ ತೋರಿಸುತ್ತಾರೆ. ಮೊಟ್ಟೆ, ಮೀನು, ಸಿಗಡಿ ಜಾತಿ ಆ ಹದಿನಾಲ್ಕರಲ್ಲಿ ಇವೆ, ಹಾಗಾಗಿ ಮೊಟ್ಟೆಯ ಅನುಮಾನ ಅಲ್ಲೇ ಪರಿಹಾರ. ಮಾಂಸ ಮಾತ್ರ ಪಟ್ಟಿಯಲ್ಲಿರುವುದಿಲ್ಲ, ಅದು ಅಲರ್ಜಿ ಪದಾರ್ಥವಲ್ಲವಲ್ಲ! ಅದನ್ನು ಬಾಯಿಬಿಟ್ಟು ಕೇಳಲೇಬೇಕು.

ಮೊದಲ ತಿನಿಸಾಗಿ ‘ಕರೋತ್ ರಾಪೆ’ ಕಣ್ಣುಮುಚ್ಚಿ ತಗೊಳ್ಳಬಹುದಾದದ್ದಕ್ಕೆ ಬಹಳ ಹತ್ತಿರ: ತುರಿದ ಕ್ಯಾರೆಟ್, ನಿಂಬೆರಸ ಅಥವಾ ವಿನೆಗರ್, ಎಣ್ಣೆ, ಸ್ವಲ್ಪ ಸಾಸಿವೆ. ಬೀಟ್ರೂಟಿನದೂ ಹೀಗೇ. ‘ಪ್ವಾರೋ ವಿನೆಗ್ರೆತ್’ ಎಂದರೆ ಬೇಯಿಸಿದ ಲೀಕ್, ಈರುಳ್ಳಿ ಕುಲದ್ದು. ಅದರ ಮೇಲೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಉದುರಿಸುವುದುಂಟು, ಬೇಡವೆಂದರೆ ಬಿಡುತ್ತಾರೆ, ಏಕೆಂದರೆ ಕೊನೆಯಲ್ಲಿ ಹಾಕುವಂಥದ್ದು. ತುರಿದ ಸೆಲರಿ ಗೆಡ್ಡೆಯ ‘ಸೆಲೆರಿ ರೆಮುಲಾದ್’ನಲ್ಲಿ ಮಯೋನೀಸ್ ಕಲಸಿಯೇ ಇಟ್ಟಿರುತ್ತಾರೆ, ಅದರಿಂದ ಮೊಟ್ಟೆ ತೆಗೆಯಲಾಗದು. ಲೆಂಟಿಲ್ ಸಲಾಡಿನಲ್ಲಿ ಹಂದಿ ಚೂರು ಇರುವುದೇ ಹೆಚ್ಚು. ಕೊನೆಗೆ ಉದುರಿಸುವುದನ್ನು ಬಿಡಿಸಬಹುದು, ಬೆಳಿಗ್ಗೆಯೇ ಬೆರೆಸಿದ್ದನ್ನು ಬಿಡಿಸಲಾಗದು. ಇಷ್ಟು ನೆನಪಿಟ್ಟುಕೊಂಡರೆ ಯಾವುದನ್ನು ಕೇಳಬೇಕು, ಯಾವುದನ್ನು ಕೇಳುವುದೇ ದಂಡ ಎಂಬುದು ತಿಳಿಯುತ್ತದೆ.

ಮುಖ್ಯ ತಿನಿಸೇ ಕಷ್ಟ. ಮಾಂಸದ ಜೊತೆಗೆ ಕೊಡುವ ಪಕ್ಕದ ತಿನಿಸುಗಳನ್ನೇ ಎರಡು ಮೂರು ಸೇರಿಸಿ ಒಂದು ತಟ್ಟೆ ಮಾಡಿಕೊಡಿ ಎನ್ನಿ. ಆಲೂಗಡ್ಡೆಯನ್ನು ಹಾಲು, ಕೆನೆ, ಬೆಳ್ಳುಳ್ಳಿಯಲ್ಲಿ ನಿಧಾನ ಬೇಯಿಸಿದ ಗ್ರಾತಾಂ ದೋಫಿನ್ವಾ, ಬೀನ್ಸ್, ಆಲೂ ಪ್ಯೂರೆ, ಹಸಿರು ಸಲಾಡ್. ಗ್ರಾತಾಂಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ, ಪಟ್ಟಿ ನೋಡಿ. ಫ್ರೆಂಚ್ ಫ್ರೈಸ್ ಪ್ಯಾರಿಸ್ಸಿನಲ್ಲಿ ಬಹುಮಟ್ಟಿಗೆ ಎಣ್ಣೆಯಲ್ಲೇ ಕರಿದದ್ದು. ಉತ್ತರದ ಲಿಲ್ ಕಡೆ ದನದ ಕೊಬ್ಬಿನಲ್ಲಿ ಕರಿಯುವ ಸಂಪ್ರದಾಯವಿದೆ, ಅಲ್ಲಿ ವಿಚಾರಿಸದೆ ತಿನ್ನಬೇಡಿ. ಎಣ್ಣೆಯದ್ದಾದರೂ ಅದೇ ಬಾಣಲೆಯಲ್ಲಿ ಮೀನು ಕರಿದಿರಬಹುದು.

ಚೀಸಿನ ಬಗ್ಗೆ ಯಾರೂ ಹೇಳದ ಮಾತು: ಕಾಂತೆ, ರೋಕ್‌ಫೋರ್, ನಾರ್ಮಂಡಿಯ ಕಮಾಂಬೇರ್‌ನಂಥ ಹೆಸರುವಾಸಿ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸಲು ಬಳಸುವುದು ಕರುವಿನಂಥ ಎಳೆಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್. ನಿಮ್ಮ ಅಪ್ಪ ಅಮ್ಮನಿಗೆ ಅದು ಸಲ್ಲದಾದರೆ ಹೋಟೆಲಿನ ಚೀಸನ್ನು ಪೂರ್ತಿ ಬಿಡುವುದೇ ದಾರಿ. ಸಪ್ಲೈಯರನಿಗೆ ಆ ವಿವರ ಗೊತ್ತಿರುವುದಿಲ್ಲ.

ಸಿಹಿಯಲ್ಲಿ ‘ರಿ ಓ ಲೇ’ ನಮ್ಮ ಅಕ್ಕಿ ಪಾಯಸದ ಗಟ್ಟಿ, ತಣ್ಣನೆಯ ಅಣ್ಣ, ಏಲಕ್ಕಿಯ ಬದಲು ವೆನಿಲಾ. ಕೆಲವು ಕಡೆ ಹಳದಿಭಾಗ ಸೇರಿಸುತ್ತಾರೆ, ಪಟ್ಟಿ ನೋಡಿ. ಹೆಸರಿನಲ್ಲಿ ಒಂದು ಅಪಾಯವಿದೆ: ಉಚ್ಚಾರದಲ್ಲಿ ಇದಕ್ಕೇ ಹೋಲುವ ‘ರಿ ದ ವೋ’ ಎಂಬುದು ಕರುವಿನ ಗ್ರಂಥಿ, ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಜೇನು ಹಾಕಿದ ಫ್ರೊಮಾಜ್ ಬ್ಲಾಂ (ಮೊಸರಿನಂಥ ತಾಜಾ ಚೀಸ್), ಹಣ್ಣಿನ ರಸದ ಐಸಾದ ಸೋರ್ಬೆ, ಹಣ್ಣಿನ ಸಲಾಡ್ ಸಾಮಾನ್ಯವಾಗಿ ಮೊಟ್ಟೆಯಿಲ್ಲದವು (ಫ್ರೊಮಾಜ್ ಬ್ಲಾಂಗೂ ರೆನೆಟ್‌ನ ಮಾತು ಅನ್ವಯಿಸುತ್ತದೆ). ಚಾಕೊಲೇಟ್ ಮೂಸ್, ಕ್ರೆಮ್ ಕ್ಯಾರಮೆಲ್, ತೇಲುವ ನೊರೆಯ ಈಲ್ ಫ್ಲೋತಾಂತ್ ಮೂರೂ ಮೊಟ್ಟೆಯ ಮೇಲೇ ನಿಂತಿವೆ. ಬಾಬಾ ಓ ರಮ್ ಹೆಸರೇ ಹೇಳುವಂತೆ ರಮ್ಮಿನಲ್ಲಿ ನೆನೆದ ಕೇಕು.

ಬಿಸ್ಟ್ರೋ ಸಾಕೆನಿಸಿದ ದಿನ ಬ್ರಿತಾನಿ ಪ್ರಾಂತ್ಯದ ಶೈಲಿಯ ಕ್ರೆಪರಿಗೆ, ಅಂದರೆ ದೋಸೆಯಂಥ ತಿನಿಸಿನ ಹೋಟೆಲಿಗೆ ಹೋಗಿ. ಬಕ್‌ವೀಟ್ ಹಿಟ್ಟಿನ ಖಾರದ ದೋಸೆಯಾದ ಗಾಲೆತ್‌ಗೆ ಮೂಲದಲ್ಲಿ ಹಿಟ್ಟು, ನೀರು, ಉಪ್ಪು ಇಷ್ಟೇ. ಮೊಟ್ಟೆ ಬೆರೆಸುವವರೂ ಇದ್ದಾರೆ, ಕೇಳಿ. ಅಣಬೆ, ಪಾಲಕ್ ಹಾಕಿದ್ದು ಆರಿಸಿ. ‘ಕಾಂಪ್ಲೆತ್’ ಎಂದರೆ ಹಂದಿಮಾಂಸ, ಮೊಟ್ಟೆ, ಚೀಸ್ ಮೂರೂ ಇರುತ್ತವೆ. ಸಿಹಿ ಕ್ರೆಪ್‌ನ ಹಿಟ್ಟಿಗೆ ಮೊಟ್ಟೆ ಬಿದ್ದೇ ಬೀಳುತ್ತದೆ. ಎಲ್ಲವೂ ಒಂದೇ ಹಂಚಿನ ಮೇಲೆ ಆಗುವುದರಿಂದ ಮಡಿಯ ಮಟ್ಟದ ಕಟ್ಟುನಿಟ್ಟು ಇರುವವರಿಗೆ ಇದೂ ಹೊಂದದು.

ಪ್ರಶ್ನೆ: ನಾವು ಕೋಳಿ, ಮೀನು ತಿನ್ನುತ್ತೇವೆ. ದನ, ಹಂದಿ ಬೇಡ. ಯಾವುದನ್ನು ನಂಬಬಹುದು? (ಓದುಗರು, ಹಾಸನ)

ರೋಸ್ಟ್ ಕೋಳಿ (ಪೂಲೆ ರೋತಿ), ಬಾತುಕೋಳಿಯ ತೊಡೆಯನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿದ ಕಾಂಫಿ ದ ಕನಾರ್, ಉಪ್ಪು ಹಾಕಿದ ಕಾಡ್ ಮೀನನ್ನು ಆಲೂಗಡ್ಡೆಯೊಂದಿಗೆ ಮಸೆದ ಬ್ರಾಂದಾದ್, ಬಾದಾಮಿ ಹಾಕಿದ ಟ್ರೌಟ್. ಚಿಪ್ಪುಮೀನು ಇಷ್ಟವಾದರೆ ಫ್ರೆಂಚ್ ಫ್ರೈಸ್ ಜೊತೆ ಕೊಡುವ ಮೂಲ್ ಫ್ರಿತ್. ಹೆಸರಿನಲ್ಲಿ ಕೋಳಿ ಇದ್ದೂ ಹಂದಿ ಇರುವಂಥದ್ದು ವೈನಿನಲ್ಲಿ ಬೇಯಿಸಿದ ‘ಕಾಕ್ ಓ ವಾಂ’, ಅದರಲ್ಲಿ ಲಾರ್ದೋಂ ಸೇರಿಸುವುದು ಪದ್ಧತಿ. ಕಾಸೂಲೆ ಬೀನ್ಸ್ ಜಾತಿಯ ಬಿಳಿಕಾಳಿನದು, ಆದರೆ ಹಂದಿ ಸಾಸೇಜ್ ಇಲ್ಲದೆ ಆಗುವುದಿಲ್ಲ. ಗಾಢ ಕಂದು ಸಾಸ್ ಕಂಡರೆ ಕರುವಿನ ಮೂಳೆಯ ರಸ ಇದೆಯೇ ಎಂದು ಕೇಳಿ, ‘ಫೋಂ ದ ವೋ’ ಎನ್ನುತ್ತಾರೆ. ಮೀನಿಗೂ ಕೆಲವೊಮ್ಮೆ ಅದನ್ನೇ ಸುರಿಯುವುದುಂಟು.

ಪ್ರಶ್ನೆ: ಇಬ್ಬರಿಗೆ ಒಂದು ಪ್ಲೇಟ್ ತರಿಸಿ ಹಂಚಿಕೊಳ್ಳಬಹುದೇ? ಉಳಿದದ್ದನ್ನು ಕಟ್ಟಿಸಿಕೊಳ್ಳಬಹುದೇ? (ಓದುಗರು, ಬೆಂಗಳೂರು)

ಹಂಚಿಕೊಳ್ಳುವುದಕ್ಕೆ ಸಣ್ಣ ಬಿಸ್ಟ್ರೋಗಳು ಮುಖ ಗಂಟಿಕ್ಕುತ್ತವೆ. ಇಪ್ಪತ್ತೈದು ಮೂವತ್ತು ಸೀಟುಗಳಲ್ಲಿ ಪ್ರತಿ ಕುರ್ಚಿಯೂ ಆ ಹೊತ್ತಿನ ಸಂಪಾದನೆ ತರಬೇಕು. ಫಾರ್ಮ್ಯೂಲ್ ಒಬ್ಬರಿಗೇ ಲೆಕ್ಕ, ಅದರ ಸಿಹಿಯನ್ನು ಪಕ್ಕದವರಿಗೆ ದಾಟಿಸುವುದು ಬೇರೆ ವಿಷಯ, ಯಾರೂ ನೋಡುವುದಿಲ್ಲ. ಹಸಿವು ಕಡಿಮೆ ಇದ್ದರೆ ಪ್ಲಾ ದು ಜೂರ್ ಒಂದನ್ನೇ ಹೇಳಿ, ಮೂರೂ ತಿನ್ನಲೇಬೇಕೆಂಬ ಕಟ್ಟಳೆಯಿಲ್ಲ. ಕಟ್ಟಿಸಿಕೊಳ್ಳುವುದು ನಿಮ್ಮ ಹಕ್ಕು: 2021ರ ಜುಲೈ 1ರಿಂದ ಕೇಳಿದವರಿಗೆ ಡಬ್ಬಿ ಕೊಡಲೇಬೇಕು.

ಪ್ರಶ್ನೆ: ಲಿಯೋಂನಲ್ಲಿ ಓದುತ್ತಿದ್ದೇನೆ. ಬೂಶೋಂಗೆ ಒಮ್ಮೆಯಾದರೂ ಹೋಗಬೇಕು. ಪ್ರವಾಸಿಗರ ಬಲೆಗೆ ಬೀಳದೆ ಆರಿಸುವುದು ಹೇಗೆ? ಏನು ತಿನ್ನಲಿ? (ಬೆಳಗಾವಿಯ ವಿದ್ಯಾರ್ಥಿ)

ಹಳೆ ಊರಿನ ಸಾಂ ಜ್ಯಾಂ ಬೀದಿ ಮತ್ತು ಮೆರ್ಸಿಯೇರ್ ಬೀದಿಯಲ್ಲಿ ಪ್ರತಿ ಎರಡನೇ ಬಾಗಿಲಿಗೂ ಬೂಶೋಂ ಎಂದು ಬರೆದಿದೆ, ಎಲ್ಲವೂ ಅಸಲಿಯಲ್ಲ. 2012ರಿಂದ ‘ಲೆ ಬೂಶೋಂ ಲಿಯೋನೆ’ ಎಂಬ ಗುರುತಿನ ಫಲಕ ಇದೆ, ಬಾಗಿಲ ಪಕ್ಕ ಅದನ್ನು ಹುಡುಕಿ. ಆರು ಭಾಷೆಯ ಮೆನು, ಊಟದ ಫೋಟೋ, ಹೊರಗೆ ನಿಂತು ಕರೆಯುವವರು ಇದ್ದರೆ ಮುಂದೆ ಹೋಗಿ.

ಇದು ರೇಷ್ಮೆ ನೇಯುವವರ ಊರಿನ ಊಟ, ಅಗ್ಗದ ಅಂಗಾಂಗಗಳನ್ನು ರುಚಿಮಾಡುವ ವಿದ್ಯೆ. ಹಾಗಾಗಿ ಅಪ್ಪಟ ಸಸ್ಯಾಹಾರಿಗಳಿಗೆ ಬೂಶೋಂ ಹೇಳಿದ ಜಾಗವಲ್ಲ. ಅಲ್ಲಿ ಅವರಿಗೆ ದಕ್ಕುವುದು ‘ಸೆರ್ವೆಲ್ ದ ಕನ್ಯು’: ನೇಕಾರರ ಮಿದುಳು ಎಂಬ ಹೆಸರು ಕೇಳಿ ಹೌಹಾರಬೇಡಿ, ತಾಜಾ ಚೀಸಿಗೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಎಣ್ಣೆ, ವಿನೆಗರ್ ಕಲಸಿದ್ದಷ್ಟೇ (ರೆನೆಟ್ ಸಲ್ಲದವರಿಗೆ ಇದೂ ಬೇಡ). ಮೀನು ತಿನ್ನುವವರಿಗೆ ಕೆನೆಲ್ ದ ಬ್ರೋಶೆ. ಪೈಕ್ ಮೀನಿನ ಹಿಟ್ಟನ್ನು ಉಂಡೆಗಟ್ಟಿ ಬೇಯಿಸಿ, ನಾಂತ್ಯುವಾ ಎಂಬ ಸಿಹಿನೀರಿನ ಸಿಗಡಿಯ ಸಾಸಿನಲ್ಲಿ ಒಲೆಗಿಡುತ್ತಾರೆ. ಸರಿಯಾಗಿ ಆದದ್ದು ಉಬ್ಬಿ ಹಗುರಾಗಿರುತ್ತದೆ, ರಬ್ಬರಿನಂತೆ ಎಳೆದರೆ ಪ್ಯಾಕೆಟ್ಟಿನದು. ‘ತಾಬ್ಲಿಯೇ ದ ಸಾಪರ್’ ದನದ ಹೊಟ್ಟೆಯ ಭಾಗವನ್ನು ವೈನಿನಲ್ಲಿ ನೆನೆಸಿ ಬ್ರೆಡ್ ಪುಡಿ ಹಚ್ಚಿ ಹುರಿದದ್ದು. ಆಂದುಯೆತ್ ಹಂದಿಯ ಅಥವಾ ಕರುವಿನ ಕರುಳಿನದು, ವಾಸನೆ ಜೋರು, ಮೊದಲ ಸಲಕ್ಕೆ ಬೇಡ. ಲಿಯೋಂ ಸಲಾಡ್‌ನಲ್ಲಿ ಎಲೆ ನೆಪಮಾತ್ರ, ಹಂದಿ ಚೂರು ಮತ್ತು ಮೊಟ್ಟೆಯೇ ಪ್ರಧಾನ. ಕೊನೆಗೆ ಗುಲಾಬಿ ಬಣ್ಣದ ಪ್ರಲೀನ್ (ಸಕ್ಕರೆ ಲೇಪಿಸಿದ ಬಾದಾಮಿ) ಟಾರ್ಟ್. ವೈನನ್ನು ದಪ್ಪ ತಳದ ಬಾಟಲಿಯಲ್ಲಿ ಕೊಡುತ್ತಾರೆ, ಅದರಲ್ಲಿ ಹಿಡಿಯುವುದು 46 ಸೆಂಟಿಲೀಟರ್, ಅರ್ಧ ಲೀಟರ್ ಅಲ್ಲ.

ಪ್ರಶ್ನೆ: ‘ಫೆ ಮೆಸೋಂ’ ಎಂಬ ಚಿಹ್ನೆ ನಂಬಬಹುದೇ? (ಓದುಗರು, ಶಿವಮೊಗ್ಗ)

ಮನೆ ಛಾವಣಿಯ ಮುಚ್ಚಳವಿರುವ ಬಾಣಲೆಯ ಚಿಹ್ನೆ ಅದು, 2014ರ ಕಾನೂನಿನಿಂದ ಬಂದದ್ದು. ಕಚ್ಚಾ ಪದಾರ್ಥದಿಂದ ಅಲ್ಲೇ ಮಾಡಿದ್ದು ಎಂದರ್ಥ. ಕಚ್ಚಾ ಪದಾರ್ಥ ಫ್ರೀಜ್ ಮಾಡಿದ್ದಾಗಿರಬಹುದು, ಅದಕ್ಕೆ ಅಡ್ಡಿಯಿಲ್ಲ. ಚಿಹ್ನೆಗಿಂತ ಮೆನುವಿನ ಉದ್ದ ನೋಡಿ. ಇಬ್ಬರು ಅಡುಗೆಯವರಿರುವ ಕಡೆ ನಲವತ್ತು ತಿನಿಸಿದ್ದರೆ ಹೆಚ್ಚಿನವು ಫ್ರೀಜರಿನಿಂದಲೇ ಬರಬೇಕು.

ಪ್ರಶ್ನೆ: ಈರುಳ್ಳಿ ಸೂಪ್ ಸಸ್ಯಾಹಾರವಲ್ಲವೆಂದು ತಿಳಿದು ನಿರಾಶೆಯಾಯಿತು. ಮನೆಯಲ್ಲಿ ಮಾಂಸವಿಲ್ಲದೆ ಆ ರುಚಿ ಬರಿಸಬಹುದೇ? ನಾನು ಮಾಡಿದಾಗ ಒಮ್ಮೆ ಕಹಿ, ಒಮ್ಮೆ ಸಪ್ಪೆ. (ಓದುಗರು, ತುಮಕೂರು)

ಪ್ಯಾರಿಸ್ಸಿನ ಲೆ ಆಲ್ ಸಗಟು ಮಾರುಕಟ್ಟೆ 1969ರಲ್ಲಿ ಊರ ಹೊರಗಿನ ರಂಜಿಸ್‌ಗೆ ಹೋಗುವ ತನಕ ರಾತ್ರಿ ಮೂಟೆ ಹೊರುವವರ ಹೊಟ್ಟೆಗೆ ಬೀಳುತ್ತಿದ್ದ ಸೂಪಿದು. ಹೋಟೆಲಿನಲ್ಲಿ ದನದ ಮೂಳೆಯ ರಸವೇ ಆಧಾರ. ಅದಕ್ಕೆ ಬದಲಿ ಅಣಬೆ.

ನಾಲ್ವರಿಗೆ: 200 ಗ್ರಾಂ ಬಟನ್ ಅಣಬೆಯನ್ನು ಎಣ್ಣೆಯಲ್ಲಿ ಕಂದುಬಣ್ಣಕ್ಕೆ ಹುರಿಯಿರಿ. 2 ಕ್ಯಾರೆಟ್, ಒಂದು ಸೆಲರಿ ದಂಟು, ಒಂದು ಪಲಾವ್ ಎಲೆ, ಹತ್ತು ಕಾಳುಮೆಣಸು, ಒಂದೂವರೆ ಲೀಟರ್ ನೀರು ಸೇರಿಸಿ 40 ನಿಮಿಷ ಕುದಿಸಿ ಸೋಸಿ. ಎರಡು ಚಮಚ ಸೋಯಾ ಸಾಸ್ ಬೆರೆಸಿದರೆ ಮಾಂಸದ ರಸದ ಗಾಢತೆ ಬರುತ್ತದೆ, ಉಪ್ಪನ್ನು ಅದಾದ ಮೇಲೆ ನೋಡಿ.

ಸಿಪ್ಪೆ ತೆಗೆದ 1 ಕಿಲೋ ಈರುಳ್ಳಿ, ಬುಡದಿಂದ ತುದಿಗೆ ಉದ್ದಕ್ಕೆ ಮೂರು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ. ಅಡ್ಡಕ್ಕೆ ಹೆಚ್ಚಿದರೆ ಕರಗಿ ಮುದ್ದೆಯಾಗುತ್ತದೆ. ದಪ್ಪ ತಳದ ಅಗಲ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಎಣ್ಣೆ, ಒಂದು ಚಿಕ್ಕ ಚಮಚ ಉಪ್ಪು. ಮೊದಲ ಹದಿನೈದು ನಿಮಿಷ ಮುಚ್ಚಿ ನೀರು ಬಿಡಿಸಿ. ಆಮೇಲೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 45 ನಿಮಿಷ, ನಾಲ್ಕೈದು ನಿಮಿಷಕ್ಕೊಮ್ಮೆ ಕೈಯಾಡಿಸಿ. ತಳ ಕಂದಾದಾಗ ಎರಡು ಚಮಚ ನೀರು ಚಿಮುಕಿಸಿ ಕೆರೆದು ಬೆರೆಸಿಕೊಳ್ಳಿ, ಬಣ್ಣವೂ ರುಚಿಯೂ ಅಲ್ಲೇ ಇರುವುದು. ನಿಮ್ಮ ಸೂಪ್ ಕಹಿಯಾದದ್ದು ಉರಿ ಜೋರಾಗಿ ಈರುಳ್ಳಿಯ ಅಂಚು ಸೀದಿದ್ದರಿಂದ. ಸಪ್ಪೆಯಾದದ್ದು ಹೊಂಬಣ್ಣಕ್ಕೇ ನಿಲ್ಲಿಸಿದ್ದರಿಂದ. ರಾಶಿ ಕಾಲು ಭಾಗಕ್ಕಿಳಿದು ಗಾಢ ಕಂದಾಗಬೇಕು. ಬೇಗ ಆಗಲೆಂದು ಅಡುಗೆ ಸೋಡಾ ಹಾಕಿದರೆ ಬಣ್ಣ ಬರುತ್ತದೆ, ಎಳೆ ಉಳಿಯುವುದಿಲ್ಲ.

ಒಂದು ದೊಡ್ಡ ಚಮಚ ಮೈದಾ ಉದುರಿಸಿ ಎರಡು ನಿಮಿಷ ಹುರಿದು, 150 ಮಿಲಿಲೀಟರ್ ಬಿಳಿ ವೈನ್ ಹಾಕಿ ಇಂಗುವ ತನಕ ಕುದಿಸಿ. ವೈನ್ ಬೇಡವಾದರೆ ಒಂದು ದೊಡ್ಡ ಚಮಚ ಆಪಲ್ ಸೈಡರ್ ವಿನೆಗರನ್ನು ಅರ್ಧ ಲೋಟ ನೀರಿಗೆ ಬೆರೆಸಿ ಹಾಕಿ, ಆ ಹುಳಿಯಿಲ್ಲದಿದ್ದರೆ ಬರೀ ಸಿಹಿ ಹೊಡೆಯುತ್ತದೆ. ಅಣಬೆ ರಸ ಸುರಿದು ಅರ್ಧ ಗಂಟೆ ಸಣ್ಣಗೆ ಕುದಿಸಿ.

ಬ್ರೆಡ್ ಚೂರುಗಳನ್ನು 150 ಡಿಗ್ರಿ ಓವನ್ನಿನಲ್ಲಿ ರಸ್ಕಿನ ಹಾಗೆ ಗಟ್ಟಿಯಾಗುವ ತನಕ ಒಣಗಿಸಿ, ಬರೀ ಟೋಸ್ಟ್ ಮಾಡಿದ್ದು ಎರಡು ನಿಮಿಷದಲ್ಲಿ ನೆನೆದು ಮುಳುಗುತ್ತದೆ. ಓವನ್ನಿಗಿಡಬಹುದಾದ ಬಟ್ಟಲುಗಳಿಗೆ ಸೂಪ್ ಹಾಕಿ, ಮೇಲೆ ಈ ಬ್ರೆಡ್, ಅದರ ಮೇಲೆ ಚೀಸ್, 220 ಡಿಗ್ರಿಯಲ್ಲಿ ಐದಾರು ನಿಮಿಷ. ಪ್ರೊಸೆಸ್ಡ್ ಚೀಸ್ ಎಳೆಯಾಗಿ ಕರಗುವುದಿಲ್ಲ, ಅದರಲ್ಲಿರುವ ಲವಣಗಳು ಅದನ್ನು ಮೆತ್ತಗೆ ಹಿಡಿದಿಡುತ್ತವೆ. 100 ಗ್ರಾಂ ಮೊಝರೆಲ್ಲಾಗೆ 50 ಗ್ರಾಂ ಚೆಡ್ಡರ್ ಬೆರೆಸಿ, ಎರಡರ ಪ್ಯಾಕೆಟ್ಟಿನ ಮೇಲೂ ಹಸಿರು ಚುಕ್ಕೆ ನೋಡಿಕೊಂಡು ತನ್ನಿ.

ಪ್ರಶ್ನೆ: ಊಟದ ಜೊತೆಗೇ ಹಾಲು ಹಾಕಿದ ಕಾಫಿ ಕೊಡುತ್ತಾರೆಯೇ? (ಓದುಗರು, ಚಿಕ್ಕಮಗಳೂರು)

ಕೇಳಿದರೆ ಕೊಡುತ್ತಾರೆ, ಆದರೆ ಕಾಫಿ ಬರುವುದು ಸಿಹಿಯೂ ಮುಗಿದ ಮೇಲೆ ಮತ್ತು ಕರಿಯದಾಗಿ. ‘ಕಫೆ’ ಎಂದರೆ ಸಣ್ಣ ಕಪ್ಪಿನ ಎಸ್ಪ್ರೆಸೊ. ಹಾಲಿನದು ಬೇಕಾದರೆ ‘ಕಫೆ ಕ್ರೆಮ್’ ಎನ್ನಿ. ಸಿಹಿ ಯಾವುದೆಂದು ತೀರ್ಮಾನವಾಗದಿದ್ದರೆ ‘ಕಫೆ ಗೂರ್ಮಾಂ’ ಹೇಳಿ, ಎಸ್ಪ್ರೆಸೊ ಜೊತೆಗೆ ಮೂರು ನಾಲ್ಕು ಪುಟ್ಟ ಸಿಹಿಗಳು ಒಂದೇ ತಟ್ಟೆಯಲ್ಲಿ ಬರುತ್ತವೆ. ಅವುಗಳಲ್ಲಿ ಒಂದಾದರೂ ಮೊಟ್ಟೆಯದೇ ಇರುತ್ತದೆ.